ಯಾವ ಪೈಥಾನ್? ಪಿಪ್, ಪ್ಯಾಕೇಜು, ವೆನ್ವ್‌ಗಳ ಗೋಜಲು ಬಿಡಿಸುವ ಒಂದು ಪ್ರಶ್ನೆ

ಪೈಥಾನ್ ಕಲಿಯಲು ಹೊರಟವರಿಗೆಲ್ಲ ಒಂದಲ್ಲ ಒಂದು ದಿನ ಈ ಅನುಭವ ಆಗಿಯೇ ಆಗುತ್ತದೆ. ಬೇಕಾದ ಪ್ಯಾಕೇಜನ್ನು, ಅಂದರೆ ಬೇರೆಯವರು ಬರೆದಿಟ್ಟ ಕೋಡನ್ನು, ಅದನ್ನು ತಂದು ಹಾಕುವ ಪಿಪ್ ಎಂಬ ಟೂಲ್‌ನಿಂದ ಈಗಷ್ಟೇ ಇನ್‌ಸ್ಟಾಲ್ ಮಾಡಿದ್ದೀರಿ. "ಸಕ್ಸೆಸ್‌ಫುಲಿ ಇನ್‌ಸ್ಟಾಲ್ಡ್" ಎಂದು ಟರ್ಮಿನಲ್ ಹೇಳಿದ್ದೂ ಆಯಿತು. ಪ್ರೋಗ್ರಾಂ ಓಡಿಸಿದರೆ "ಮಾಡ್ಯೂಲ್ ನಾಟ್ ಫೌಂಡ್ ಎರರ್". ಮತ್ತೊಮ್ಮೆ ಇನ್‌ಸ್ಟಾಲ್ ಮಾಡಲು ಹೋದರೆ "ಆಗಲೇ ಇದೆಯಲ್ಲ" ಎನ್ನುತ್ತದೆ ಪಿಪ್. ಮತ್ತೊಮ್ಮೆ ಓಡಿಸಿದರೆ "ಇಲ್ಲವೇ ಇಲ್ಲ" ಎನ್ನುತ್ತದೆ ಪೈಥಾನ್. ಎರಡೂ ಸುಳ್ಳು ಹೇಳುತ್ತಿಲ್ಲ. ಪಿಪ್ ಮಾತಾಡುತ್ತಿರುವುದು ಒಂದು ಪೈಥಾನ್ ಬಗ್ಗೆ, ನಿಮ್ಮ ಪ್ರೋಗ್ರಾಂ ಓಡುತ್ತಿರುವುದು ಇನ್ನೊಂದರಲ್ಲಿ, ಅಷ್ಟೇ.

ಡೆಸ್ಕ್‌ಟಾಪಿನಲ್ಲಿ ಪೈಥಾನ್ ಬಳಸುವವರ ತಲೆನೋವುಗಳಲ್ಲಿ ಬಹುಪಾಲು ಇಲ್ಲಿಂದಲೇ ಹುಟ್ಟುತ್ತವೆ. ಹಾಗಾಗಿ ಈ ಬರಹದುದ್ದಕ್ಕೂ ಒಂದೇ ಪ್ರಶ್ನೆಯನ್ನು ಹಿಡಿದುಕೊಂಡು ಹೋಗುತ್ತೇನೆ: ಈಗ ಓಡುತ್ತಿರುವುದು ಯಾವ ಪೈಥಾನ್? ಕಮಾಂಡ್‌ಗಳನ್ನು ಇಲ್ಲಿ ಉಚ್ಚಾರಣೆಗೆ ತಕ್ಕಂತೆ ಕನ್ನಡದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಟೈಪ್ ಮಾಡಬೇಕು ಎಂಬುದು ಓದುವವರಿಗೆ ಗೊತ್ತೇ ಇದೆ.

ಹೆಸರು ಒಂದೇ, ಇರುವವು ಹಲವು

ಕಂಪ್ಯೂಟರಿನಲ್ಲಿ ಒಂದೇ ಪೈಥಾನ್ ಇದೆ ಎಂದು ನಾವು ಅಂದುಕೊಳ್ಳುತ್ತೇವೆ. ಹುಡುಕಿ ನೋಡಿದರೆ ಮೂರು ನಾಲ್ಕು ಸಿಗುವುದು ಮಾಮೂಲು. ಲಿನಕ್ಸ್ ಆದರೆ ಆಪರೇಟಿಂಗ್ ಸಿಸ್ಟಂ ತನ್ನ ಕೆಲಸಕ್ಕೆಂದೇ ಒಂದನ್ನು ಇಟ್ಟುಕೊಂಡಿರುತ್ತದೆ. ಮ್ಯಾಕ್‌ನಲ್ಲಿ ಆಪಲ್‌ನ ಡೆವಲಪರ್ ಟೂಲ್‌ಗಳ ಜೊತೆ ಒಂದು ಬರುತ್ತದೆ, ಹೋಮ್‌ಬ್ರೂ ಎಂಬ ಇನ್‌ಸ್ಟಾಲರ್ ಇನ್ನೊಂದನ್ನು ತರುತ್ತದೆ. ವಿಂಡೋಸ್‌ನಲ್ಲಿ ಪೈಥಾನ್‌ನ ಅಧಿಕೃತ ತಾಣದಿಂದ ಇಳಿಸಿಕೊಂಡದ್ದು ಒಂದು, ಮೈಕ್ರೋಸಾಫ್ಟ್ ಸ್ಟೋರ್‌ನಿಂದ ಬಂದದ್ದು ಒಂದು. ಯಾವುದೋ ಕೋರ್ಸ್‌ಗೆಂದು ಅನಕೊಂಡಾ ಎಂಬ ಪೈಥಾನ್ ಕಟ್ಟನ್ನು ಹಾಕಿಕೊಂಡಿದ್ದರೆ ಅದರೊಳಗೆ ಮತ್ತೊಂದು. ಇವೆಲ್ಲ ಬೇರೆ ಬೇರೆ ಫೋಲ್ಡರುಗಳಲ್ಲಿ, ತಮ್ಮ ತಮ್ಮ ಪ್ಯಾಕೇಜುಗಳೊಂದಿಗೆ, ಒಂದರ ಸುದ್ದಿಗೆ ಇನ್ನೊಂದು ಹೋಗದೆ ಇರುತ್ತವೆ.

ನೀವು "ಪೈಥಾನ್" ಎಂದು ಟೈಪ್ ಮಾಡಿದಾಗ ಇವುಗಳಲ್ಲಿ ಯಾವುದು ಎದ್ದು ಬರಬೇಕು ಎಂದು ತೀರ್ಮಾನಿಸುವುದು ಪೈಥಾನ್ ಅಲ್ಲ, ಟರ್ಮಿನಲ್‌ನೊಳಗಿನ ಶೆಲ್, ಅಂದರೆ ನೀವು ಟೈಪ್ ಮಾಡಿದ ಕಮಾಂಡನ್ನು ಓದಿ ಓಡಿಸುವ ಪ್ರೋಗ್ರಾಂ. ಅದರ ಬಳಿ "ಪಾತ್" ಎಂಬ ಒಂದು ಪಟ್ಟಿ ಇರುತ್ತದೆ. ಆ ಪಟ್ಟಿಯಲ್ಲಿರುವ ಫೋಲ್ಡರುಗಳನ್ನು ಶೆಲ್ ಒಂದೊಂದಾಗಿ ತಡಕುತ್ತಾ ಹೋಗಿ, ಆ ಹೆಸರಿನ ಫೈಲ್ ಮೊದಲು ಎಲ್ಲಿ ಸಿಕ್ಕಿತೋ ಅಲ್ಲಿಗೇ ನಿಲ್ಲಿಸುತ್ತದೆ. "ಪಿಪ್" ಎಂದು ಟೈಪ್ ಮಾಡಿದಾಗಲೂ ಇದೇ ಹುಡುಕಾಟ, ಆದರೆ ಬೇರೆ ಹೆಸರಿಗೆ. ಪೈಥಾನ್ ಒಂದು ಫೋಲ್ಡರಿನಲ್ಲಿ, ಪಿಪ್ ಇನ್ನೊಂದು ಫೋಲ್ಡರಿನಲ್ಲಿ ಮೊದಲು ಸಿಕ್ಕರೆ ಮೇಲೆ ಹೇಳಿದ ಜಗಳ ಶುರು.

ಇದಕ್ಕೆ ಮದ್ದು ಒಂದು ಅಭ್ಯಾಸ. ಬರೀ "ಪಿಪ್ ಇನ್‌ಸ್ಟಾಲ್" ಎನ್ನುವ ಬದಲು "ಪೈಥಾನ್ -ಎಂ ಪಿಪ್ ಇನ್‌ಸ್ಟಾಲ್" ಎಂದು ಬರೆಯುವುದು. ಹಾಗೆಂದರೆ "ಇದೇ ಪೈಥಾನ್‌ಗೆ ಸೇರಿದ ಪಿಪ್ ಅನ್ನು ಓಡಿಸು" ಎಂದರ್ಥ. ಹತ್ತು ಅಕ್ಷರ ಹೆಚ್ಚು ಟೈಪ್ ಮಾಡಬೇಕು, ನಿಜ. ಅದು ಉಳಿಸುವ ಸಂಜೆಗಳನ್ನು ಲೆಕ್ಕ ಹಾಕಿದರೆ ಅಗ್ಗವೇ. ವಿಂಡೋಸ್‌ನಲ್ಲಾದರೆ "ಪೈ" ಎಂಬ ಚಿಕ್ಕ ಲಾಂಚರ್ ಇದೆ. "ಪೈ -3.12" ಎಂದರೆ 3.12ನೇ ಆವೃತ್ತಿಯೇ ಬೇಕು ಎಂದು ಬೊಟ್ಟು ಮಾಡಿ ಹೇಳಿದಂತೆ.

ಅನುಮಾನ ಬಂದಾಗ ಪೈಥಾನ್ ಅನ್ನೇ ಕೇಳಬಹುದು. "ಸಿಸ್" ಮಾಡ್ಯೂಲನ್ನು ಇಂಪೋರ್ಟ್ ಮಾಡಿ "ಸಿಸ್.ಎಕ್ಸಿಕ್ಯೂಟಬಲ್" ಪ್ರಿಂಟ್ ಮಾಡಿಸಿ. ಈಗ ಓಡುತ್ತಿರುವ ಪೈಥಾನ್‌ನ ಪೂರ್ತಿ ವಿಳಾಸ ಬರುತ್ತದೆ. ಸಹಾಯ ಕೇಳಿ ಬಂದವರಿಗೆ ನಾನು ಮೊದಲು ಮಾಡಲು ಹೇಳುವುದೇ ಇದನ್ನು. ಎಷ್ಟೋ ಸಲ ಆ ಒಂದು ಸಾಲು ನೋಡಿ "ಅಯ್ಯೋ, ಇದಾ!" ಎಂದು ಅವರೇ ನಕ್ಕು ಎದ್ದು ಹೋಗುತ್ತಾರೆ.

ಇಂಪೋರ್ಟ್ ಎಂದರೆ ಫೋಲ್ಡರ್ ತಡಕುವುದು

ಪ್ಯಾಕೇಜ್ ಎಂಬುದಕ್ಕೂ ಏನೋ ಗಹನವಾದ ಅರ್ಥ ಕಲ್ಪಿಸಿಕೊಳ್ಳಬೇಕಿಲ್ಲ. ಅದು ಕೆಲವು ಫೈಲುಗಳಿರುವ ಫೋಲ್ಡರ್. ಅದನ್ನು ಇಡುವ ಜಾಗದ ಹೆಸರು "ಸೈಟ್-ಪ್ಯಾಕೇಜಸ್". ಪ್ರತಿ ಪೈಥಾನ್‌ಗೂ ತನ್ನದೇ ಆದ ಸೈಟ್-ಪ್ಯಾಕೇಜಸ್ ಫೋಲ್ಡರ್ ಇರುತ್ತದೆ, ಪಿಪ್ ತಂದು ಸುರಿಯುವುದು ಅಲ್ಲಿಗೇ.

ನೀವು ಇಂಪೋರ್ಟ್ ಎಂದಾಗ ಪೈಥಾನ್ "ಸಿಸ್.ಪಾತ್" ಎಂಬ ತನ್ನ ಪಟ್ಟಿಯನ್ನು ಹಿಡಿದು ಹುಡುಕುತ್ತದೆ. ಮೊದಲು ನಿಮ್ಮ ಪ್ರೋಗ್ರಾಂ ಇರುವ ಫೋಲ್ಡರ್, ಆಮೇಲೆ ಪೈಥಾನ್ ಜೊತೆಗೇ ಬರುವ ಸ್ಟ್ಯಾಂಡರ್ಡ್ ಲೈಬ್ರರಿ, ಕೊನೆಗೆ ಸೈಟ್-ಪ್ಯಾಕೇಜಸ್. ಮೊದಲು ಸಿಕ್ಕಿದ್ದೇ ಖಾಯಂ. ಹೊಸಬರು ಬೀಳುವ ಒಂದು ಹಳ್ಳ ಇಲ್ಲೇ ಇದೆ. ಯಾದೃಚ್ಛಿಕ ಸಂಖ್ಯೆಗಳ ಅಭ್ಯಾಸಕ್ಕೆಂದು ಬರೆದ ಫೈಲಿಗೆ "ರ್‍ಯಾಂಡಮ್.ಪೈ" ಎಂದೇ ಹೆಸರಿಟ್ಟರೆ, ಇಂಪೋರ್ಟ್ ಮಾಡಿದಾಗ ಪೈಥಾನ್‌ನ ರ್‍ಯಾಂಡಮ್ ಬದಲು ನಿಮ್ಮ ಫೈಲೇ ಬಂದು ಕೂರುತ್ತದೆ. ಇದಕ್ಕೂ ಪಿಪ್‌ಗೂ ಯಾವ ಸಂಬಂಧವೂ ಇಲ್ಲ, ಆದರೆ ಬೈಗುಳ ಮಾತ್ರ ಪಿಪ್‌ಗೆ ಬೀಳುತ್ತದೆ.

ಇನ್ನೊಂದು ಗೊಂದಲ ಹೆಸರಿನದು. ಪಿಪ್‌ಗೆ ಹೇಳುವ ಹೆಸರೂ ಇಂಪೋರ್ಟ್‌ನಲ್ಲಿ ಬರೆಯುವ ಹೆಸರೂ ಒಂದೇ ಆಗಿರಬೇಕೆಂಬ ನಿಯಮವಿಲ್ಲ. ಇನ್‌ಸ್ಟಾಲ್ ಮಾಡುವಾಗ "ಪಿಲ್ಲೋ", ಇಂಪೋರ್ಟ್ ಮಾಡುವಾಗ "ಪಿಐಎಲ್" (ಇದು ಮಾತ್ರ ದೊಡ್ಡಕ್ಷರಗಳಲ್ಲಿ). ಇನ್‌ಸ್ಟಾಲ್‌ಗೆ "ಓಪನ್‌ಸಿವಿ-ಪೈಥಾನ್", ಇಂಪೋರ್ಟ್‌ಗೆ "ಸಿವಿ2". ಇನ್‌ಸ್ಟಾಲ್‌ಗೆ "ಸೈಕಿಟ್-ಲರ್ನ್", ಇಂಪೋರ್ಟ್‌ಗೆ "ಎಸ್‌ಕೆಲರ್ನ್". ಇದಕ್ಕೆ ಉಪಾಯವಿಲ್ಲ, ಆಯಾ ಲೈಬ್ರರಿಯ ದಾಖಲೆಯ ಮೊದಲ ಪುಟ ಓದಬೇಕು.

ಈಗ ಅಸಲು ತೊಂದರೆಗೆ ಬರೋಣ. ಒಂದು ಸೈಟ್-ಪ್ಯಾಕೇಜಸ್ ಫೋಲ್ಡರಿನಲ್ಲಿ ಒಂದು ಪ್ಯಾಕೇಜಿನ ಒಂದೇ ಆವೃತ್ತಿ ಇರಲು ಸಾಧ್ಯ. ಜಾವಾಸ್ಕ್ರಿಪ್ಟ್ ಜಗತ್ತಿನ ಎನ್‌ಪಿಎಂ ಪ್ರತಿ ಲೈಬ್ರರಿಯ ಹೊಟ್ಟೆಯೊಳಗೆ ಅದಕ್ಕೆ ಬೇಕಾದ ಆವೃತ್ತಿಯನ್ನು ಬೇರೆಯಾಗಿ ಇಟ್ಟುಬಿಡಬಲ್ಲದು. ಪೈಥಾನ್‌ನಲ್ಲಿ ಹಾಗಿಲ್ಲ. ಓಡುತ್ತಿರುವ ಪ್ರೋಗ್ರಾಂ ಒಂದು ಹೆಸರಿಗೆ ಒಂದೇ ಮಾಡ್ಯೂಲನ್ನು ನೆನಪಿಟ್ಟುಕೊಳ್ಳುತ್ತದೆ. ಹೊಸ ಆವೃತ್ತಿ ಹಾಕಿದರೆ ಪಿಪ್ ಹಳೆಯದನ್ನು ತೆಗೆದೇ ಹಾಕುತ್ತದೆ.

ಇದು ನೋವು ಕೊಡುವುದು ಹೇಗೆಂದು ನೋಡಿ. ದತ್ತಾಂಶ ನಿಭಾಯಿಸುವ ಪಾಂಡಾಸ್ ಲೈಬ್ರರಿಯಲ್ಲಿ ಡೇಟಾಫ್ರೇಮ್‌ಗೆ, ಅಂದರೆ ಅದರ ಕೋಷ್ಟಕಕ್ಕೆ, ಸಾಲು ಸೇರಿಸಲು "ಅಪೆಂಡ್" ಎಂಬ ಮೆಥಡ್ ಇತ್ತು. 2023ರ ಏಪ್ರಿಲ್‌ನಲ್ಲಿ ಬಂದ 2.0 ಆವೃತ್ತಿಯಲ್ಲಿ ಅದನ್ನು ತೆಗೆದುಹಾಕಿದರು. ವರ್ಷಗಳ ಹಿಂದೆ ಬರೆದು ಮರೆತ ವರದಿಯ ಸ್ಕ್ರಿಪ್ಟ್ ಒಂದು ತಿಂಗಳಿಗೊಮ್ಮೆ ತಾನಾಗಿ ಓಡುತ್ತಿದೆ, ಅದರಲ್ಲಿ ಅಪೆಂಡ್ ಇದೆ. ಹೊಸ ಕೆಲಸಕ್ಕೆಂದು ನೀವು ಪಾಂಡಾಸ್ ಹೊಸದು ಹಾಕಿದಿರಿ. ಹೊಸ ಕೆಲಸ ಚೆನ್ನಾಗಿಯೇ ನಡೆಯಿತು, ತಿಂಗಳ ಕೊನೆಗೆ ವರದಿ ನಿಂತಿತು. ಇನ್ನು 2024ರ ಜೂನ್‌ನಲ್ಲಿ, ಸಂಖ್ಯೆಗಳ ಲೆಕ್ಕಾಚಾರಕ್ಕೆ ಬಳಸುವ ನಂಪೈ ಲೈಬ್ರರಿಯ 2.0 ಬಂದಾಗ ಆದದ್ದು ಇದಕ್ಕಿಂತ ದೊಡ್ಡ ರಾದ್ಧಾಂತ. ಹಳೆಯ ನಂಪೈಗೆ ತಕ್ಕಂತೆ ಕಂಪೈಲ್ ಆಗಿದ್ದ (ಯಂತ್ರಕ್ಕೆ ಅರ್ಥವಾಗುವ ರೂಪಕ್ಕೆ ತಿರುಗಿದ್ದ) ಲೈಬ್ರರಿಗಳು ಹೊಸದರ ಜೊತೆ ಇಂಪೋರ್ಟ್ ಆಗುವುದಕ್ಕೇ ಒಪ್ಪಲಿಲ್ಲ. ನೀವು ನಂಪೈ ಕೇಳಿರಲೇ ಇಲ್ಲ, ಬೇರೆ ಯಾವುದೋ ಪ್ಯಾಕೇಜ್ ಹಾಕುವಾಗ ಅದು ಜೊತೆಗೆ ಬಂದು ಕೂತಿತ್ತು. ತಪ್ಪು ಯಾರದ್ದೂ ಅಲ್ಲ, ಜಾಗ ಒಂದೇ ಆದದ್ದರ ಫಲ.

ಹಾಗಾದರೆ ಪ್ರಾಜೆಕ್ಟಿಗೊಂದು ಸೈಟ್-ಪ್ಯಾಕೇಜಸ್ ಕೊಟ್ಟುಬಿಟ್ಟರೆ? ವರ್ಚುವಲ್ ಎನ್ವಿರಾನ್‌ಮೆಂಟ್ ಎಂದರೆ ಅದೇ.

ವೆನ್ವ್‌ನ ಹೊಟ್ಟೆಯೊಳಗೆ

ಇದರ ಹಿಂದೆ ಪುಟ್ಟ ಇತಿಹಾಸವಿದೆ. 2007ರಲ್ಲಿ ಇಯಾನ್ ಬಿಕಿಂಗ್ "ವರ್ಚುವಲ್‌ಎನ್ವ್" ಎಂಬ ಹೊರಗಿನ ಟೂಲ್ ಬರೆದರು. ಮರುವರ್ಷ ಪಿಪ್ ಅನ್ನೂ ಅವರೇ ಶುರು ಮಾಡಿದರು. ಪ್ಯಾಕೇಜ್ ತರುವುದು, ಪ್ಯಾಕೇಜ್ ಬೇರ್ಪಡಿಸುವುದು ಎರಡೂ ಒಂದೇ ಸಮಸ್ಯೆಯ ಎರಡು ಮುಖ. ಮುಂದೆ ಈ ಕಲ್ಪನೆ ಪೈಥಾನ್ ಒಳಗೇ ಸೇರಿತು. 2012ರಲ್ಲಿ ಬಂದ ಪೈಥಾನ್ 3.3ರಿಂದ "ವೆನ್ವ್" ಎಂಬ ಮಾಡ್ಯೂಲ್ ಜೊತೆಗೇ ಬರುತ್ತದೆ, ಬೇರೆ ಏನನ್ನೂ ಇಳಿಸಿಕೊಳ್ಳಬೇಕಿಲ್ಲ. ಡೆಬಿಯನ್, ಉಬುಂಟು ಎಂಬ ಲಿನಕ್ಸ್‌ಗಳಲ್ಲಿ ಮಾತ್ರ "ಪೈಥಾನ್3-ವೆನ್ವ್" ಎಂಬ ಪ್ಯಾಕೇಜನ್ನು ಸಿಸ್ಟಂನ ಇನ್‌ಸ್ಟಾಲರ್ ಆದ ಆಪ್ಟ್‌ನಿಂದ ಪ್ರತ್ಯೇಕವಾಗಿ ಹಾಕಿಕೊಳ್ಳಬೇಕಾಗುತ್ತದೆ.

ಪ್ರಾಜೆಕ್ಟ್ ಫೋಲ್ಡರಿನೊಳಗೆ ನಿಂತು "ಪೈಥಾನ್ -ಎಂ ವೆನ್ವ್ .ವೆನ್ವ್" ಎಂದು ಕೊಡಿ. ಕೊನೆಯ ಪದ ಹೊಸ ಫೋಲ್ಡರಿನ ಹೆಸರು. ಚುಕ್ಕಿಯಿಂದ ಶುರುವಾದರೆ ಲಿನಕ್ಸ್, ಮ್ಯಾಕ್‌ಗಳಲ್ಲಿ ಕಣ್ಣಿಗೆ ಬೀಳದಂತೆ ಇರುತ್ತದೆ ಎಂಬುದಕ್ಕೆ ಆ ಹೆಸರು ರೂಢಿಯಾಗಿದೆ. ಕೆಲವು ಸೆಕೆಂಡುಗಳಲ್ಲಿ ಫೋಲ್ಡರ್ ತಯಾರು.

ಅದನ್ನು ತೆರೆದು ನೋಡುವವರು ಕಡಿಮೆ. ತೆರೆಯಿರಿ, ಒಮ್ಮೆ ನೋಡಿದರೆ ಜೀವಮಾನದ ಭಯ ಹೋಗುತ್ತದೆ. ಒಳಗೆ "ಬಿನ್" ಎಂಬ ಫೋಲ್ಡರ್ ಇದೆ, ವಿಂಡೋಸ್‌ನಲ್ಲಿ ಅದರ ಹೆಸರು "ಸ್ಕ್ರಿಪ್ಟ್ಸ್". ಅದರಲ್ಲೊಂದು ಪೈಥಾನ್. ಲಿನಕ್ಸ್, ಮ್ಯಾಕ್‌ಗಳಲ್ಲಿ ಅದು ಅಸಲಿ ಪೈಥಾನ್ ಕಡೆಗೆ ಕೈತೋರುವ ಕೊಂಡಿ ಮಾತ್ರ. ಪಕ್ಕದಲ್ಲೇ ಒಂದು ಪಿಪ್. ಇನ್ನೊಂದು ಕಡೆ "ಲಿಬ್" ಫೋಲ್ಡರಿನ ಒಳಗೆ ಖಾಲಿ ಸೈಟ್-ಪ್ಯಾಕೇಜಸ್, ಅಥವಾ ಪಿಪ್ ಒಂದನ್ನು ಬಿಟ್ಟರೆ ಖಾಲಿ. ಮತ್ತೆ ಹೊರಗಡೆ "ಪೈವೆನ್ವ್.ಸಿಎಫ್‌ಜಿ" ಎಂಬ ನಾಲ್ಕಾರು ಸಾಲಿನ ಟೆಕ್ಸ್ಟ್ ಫೈಲ್.

ಇಡೀ ಮಂತ್ರ ಇರುವುದು ಆ ನಾಲ್ಕಾರು ಸಾಲಿನಲ್ಲಿ. ಪೈಥಾನ್ ಶುರುವಾಗುವಾಗ ತಾನು ಇರುವ ಫೋಲ್ಡರಿನಲ್ಲಿ, ಇಲ್ಲವೇ ಅದರ ಒಂದು ಮೆಟ್ಟಿಲು ಮೇಲೆ, ಈ ಫೈಲ್ ಇದೆಯೇ ಎಂದು ನೋಡುತ್ತದೆ. ಇದ್ದರೆ "ಓಹೋ, ನಾನೀಗ ಎನ್ವಿರಾನ್‌ಮೆಂಟ್ ಒಳಗಿದ್ದೇನೆ" ಎಂದು ತಿಳಿದು, ಸ್ಟ್ಯಾಂಡರ್ಡ್ ಲೈಬ್ರರಿಯನ್ನು ಅಸಲಿ ಪೈಥಾನ್‌ನಿಂದಲೂ ಪ್ಯಾಕೇಜುಗಳನ್ನು ಈ ಫೋಲ್ಡರಿನ ಸೈಟ್-ಪ್ಯಾಕೇಜಸ್‌ನಿಂದಲೂ ತೆಗೆದುಕೊಳ್ಳುತ್ತದೆ. ಅಸಲಿ ಪೈಥಾನ್ ಎಲ್ಲಿದೆ ಎಂಬುದು ಅದೇ ಫೈಲಿನ "ಹೋಮ್" ಎಂಬ ಸಾಲಿನಲ್ಲಿರುತ್ತದೆ. ಇಷ್ಟೇ. ಇಲ್ಲಿ ವರ್ಚುವಲ್ ಮಷೀನ್ ಇಲ್ಲ, ಡಾಕರ್ ಕಂಟೇನರ್ ಇಲ್ಲ, ಬೇಲಿಯೂ ಇಲ್ಲ. ವೆನ್ವ್ ಒಳಗಿನ ಪ್ರೋಗ್ರಾಂ ನಿಮ್ಮ ಡಿಸ್ಕಿನ ಯಾವ ಫೈಲನ್ನು ಬೇಕಾದರೂ ಮುಟ್ಟಬಲ್ಲದು. ಬೇರ್ಪಡುವುದು ಪ್ಯಾಕೇಜುಗಳು ಮಾತ್ರ. ಇದನ್ನು ಭದ್ರತೆಯ ಗೋಡೆ ಎಂದುಕೊಂಡವರನ್ನು ಕಂಡಿದ್ದೇನೆ, ಅದು ತಪ್ಪು ತಿಳಿವಳಿಕೆ.

"ಆಕ್ಟಿವೇಟ್" ಮಾಡುವುದರ ಬಗ್ಗೆಯೂ ಅಂಥದೇ ಒಂದು ಭ್ರಮೆ ಇದೆ, ಏನೋ ಸ್ವಿಚ್ ಹಾಕಿದಂತೆ. ಲಿನಕ್ಸ್, ಮ್ಯಾಕ್‌ಗಳಲ್ಲಿ "ಸೋರ್ಸ್ .ವೆನ್ವ್/ಬಿನ್/ಆಕ್ಟಿವೇಟ್" ಎಂದಾಗ, ವಿಂಡೋಸ್‌ನಲ್ಲಿ ಸ್ಕ್ರಿಪ್ಟ್ಸ್ ಒಳಗಿನ ಆಕ್ಟಿವೇಟ್ ಓಡಿಸಿದಾಗ, ಆಗುವುದು ಇಷ್ಟು: ಮೊದಲು ಹೇಳಿದ ಪಾತ್ ಪಟ್ಟಿಯ ತಲೆಗೆ ಈ ವೆನ್ವ್‌ನ ಬಿನ್ ಫೋಲ್ಡರ್ ಬಂದು ಸೇರುತ್ತದೆ, ಟರ್ಮಿನಲ್‌ನ ಸಾಲಿನ ಮುಂದೆ ಅದರ ಹೆಸರು ಕಾಣುತ್ತದೆ. ಈಗ "ಪೈಥಾನ್" ಎಂದರೆ ಮೊದಲು ಸಿಗುವುದು ಇದೇ. "ಡಿಆಕ್ಟಿವೇಟ್" ಎಂದರೆ ಪಟ್ಟಿ ಮೊದಲಿನಂತಾಗುತ್ತದೆ. ಇನ್ನೊಂದು ಟರ್ಮಿನಲ್ ತೆರೆದರೆ ಅಲ್ಲಿ ಮತ್ತೆ ಆಕ್ಟಿವೇಟ್ ಮಾಡಬೇಕು, ಏಕೆಂದರೆ ಆ ಪಟ್ಟಿ ಆಯಾ ಟರ್ಮಿನಲ್‌ಗೆ ಸೇರಿದ್ದು.

ಹಾಗೆಂದ ಮೇಲೆ ಆಕ್ಟಿವೇಟ್ ಮಾಡಲೇಬೇಕು ಎಂದೇನೂ ಇಲ್ಲ. ವೆನ್ವ್‌ನ ಬಿನ್ ಒಳಗಿರುವ ಪೈಥಾನ್‌ನ ಪೂರ್ತಿ ವಿಳಾಸ ಕೊಟ್ಟು ಓಡಿಸಿದರೂ ಫಲ ಅದೇ. ಗೊತ್ತಾದ ಹೊತ್ತಿಗೆ ತಾನಾಗಿ ಓಡುವ ಸ್ಕ್ರಿಪ್ಟುಗಳಿಗೆ, ಅಂದರೆ ಕ್ರಾನ್ ಅಥವಾ ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್‌ನಲ್ಲಿ ಹಾಕುವಂಥವಕ್ಕೆ, ಇದೇ ಸರಿಯಾದ ದಾರಿ.

ವಿಂಡೋಸ್‌ನ ಪವರ್‌ಶೆಲ್ ಬಳಸುವವರಿಗೆ ಮೊದಲ ಸಲ ಆಕ್ಟಿವೇಟ್ ಮಾಡುವಾಗ "ಈ ಸಿಸ್ಟಂನಲ್ಲಿ ಸ್ಕ್ರಿಪ್ಟ್ ಓಡಿಸುವುದನ್ನು ನಿರ್ಬಂಧಿಸಲಾಗಿದೆ" ಎಂಬರ್ಥದ ಕೆಂಪು ಅಕ್ಷರಗಳು ಕಂಡರೆ ಗಾಬರಿ ಬೇಡ. ಅದು ಪವರ್‌ಶೆಲ್‌ನ ನೀತಿ, ಪೈಥಾನ್‌ನ ತಪ್ಪಲ್ಲ. "ಸೆಟ್-ಎಕ್ಸಿಕ್ಯೂಷನ್‌ಪಾಲಿಸಿ" ಕಮಾಂಡಿನಿಂದ ನಿಮ್ಮ ಖಾತೆಗಷ್ಟೇ "ರಿಮೋಟ್‌ಸೈನ್ಡ್" ಎಂದು ಬದಲಿಸಿದರೆ ಸಾಕು.

ವೆನ್ವ್ ಫೋಲ್ಡರನ್ನು ಎತ್ತಿ ಬೇರೆಡೆ ಇಟ್ಟರೆ, ಇಲ್ಲವೇ ಅದರ ಮೇಲಿನ ಫೋಲ್ಡರಿನ ಹೆಸರು ಬದಲಿಸಿದರೆ ಅದು ಕೆಡುತ್ತದೆ. ಒಳಗಿನ ಪಿಪ್‌ನಂಥ ಸ್ಕ್ರಿಪ್ಟುಗಳ ಮೊದಲ ಸಾಲಿನಲ್ಲಿ ಪೈಥಾನ್‌ನ ಪೂರ್ತಿ ವಿಳಾಸ ಬರೆದಿಟ್ಟಿರುತ್ತದೆ, ಹಳೆಯ ವಿಳಾಸಕ್ಕೆ ಹೋಗಿ ಅವು ಬಾಗಿಲು ತಟ್ಟುತ್ತವೆ. ಪೆನ್‌ಡ್ರೈವಿನಲ್ಲಿ ವೆನ್ವ್ ಕಾಪಿ ಮಾಡಿ ಗೆಳೆಯರಿಗೆ ಕೊಡುವುದೂ ಇದೇ ಕಾರಣಕ್ಕೆ ನಡೆಯದ ಮಾತು. ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್‌ಗೂ ಹಾಕಬಾರದು. ಪೈಥಾನ್ 3.13ರಿಂದ ವೆನ್ವ್ ತಾನೇ ಒಳಗೊಂದು ಗಿಟ್‌ಇಗ್ನೋರ್ ಫೈಲ್ (ಇದನ್ನು ಬಿಟ್ಟುಬಿಡು ಎಂದು ಗಿಟ್‌ಗೆ ಹೇಳುವಂಥದು) ಇಟ್ಟು ಈ ಅಚಾತುರ್ಯವನ್ನು ತಪ್ಪಿಸುತ್ತದೆ.

ಸಿಸ್ಟಂನ ಪೈಥಾನ್ ನಿಮ್ಮದಲ್ಲ

ಲಿನಕ್ಸ್ ಹಾಕಿಕೊಂಡ ಹೊಸತರಲ್ಲಿ ನಾನು ಮಾಡಿಕೊಂಡ ಎಡವಟ್ಟು ಹೇಳುತ್ತೇನೆ. ಹೊಸ ಪೈಥಾನ್ ಇಳಿಸಿಕೊಂಡೆ. "ಪೈಥಾನ್3" ಎಂದರೆ ಹಳೆಯದೇ ಬರುತ್ತಿತ್ತು. ಯಜಮಾನನ ಅಧಿಕಾರ ಕೊಡುವ ಸೂಡೋ ಕಮಾಂಡ್ ಹಾಕಿ ಆ ಹೆಸರಿನ ಕೊಂಡಿಯನ್ನೇ ಹೊಸದಕ್ಕೆ ತಿರುಗಿಸಿದೆ, ಬೀಗಿದೆ. ಟರ್ಮಿನಲ್ ಮುಚ್ಚಿ ಮತ್ತೆ ತೆರೆಯಲು ಹೋದರೆ ಟರ್ಮಿನಲ್ಲೇ ತೆರೆಯಲಿಲ್ಲ. ಆ ಟರ್ಮಿನಲ್ ಎಬ್ಬಿಸುವ ಪುಟ್ಟ ಪ್ರೋಗ್ರಾಮೇ ಪೈಥಾನ್‌ನಲ್ಲಿತ್ತು, ಅದಕ್ಕೆ ಬೇಕಾದ ಲೈಬ್ರರಿ ಹಳೆಯ ಪೈಥಾನ್‌ನ ಜೊತೆಗಿತ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರಲ್ಲ, ಆ ದೊಣ್ಣೆ ನನ್ನ ಕೈಯಲ್ಲೇ ಇತ್ತು.

ಸಿಸ್ಟಂ ಜೊತೆ ಬರುವ ಪೈಥಾನ್ ಇರುವುದು ಸಿಸ್ಟಂನ ಕೆಲಸಕ್ಕೆ. ಅಲ್ಲಿಗೆ ಸೂಡೋ ಪಿಪ್‌ನಿಂದ ಪ್ಯಾಕೇಜ್ ಹಾಕಿದರೆ, ಆಪ್ಟ್ ಹಾಕಿಟ್ಟದ್ದನ್ನು ಪಿಪ್ ತಂದದ್ದು ಮರೆಮಾಡಬಹುದು. ಆಪ್ಟ್‌ಗೆ ಆ ಸುದ್ದಿಯೇ ಗೊತ್ತಿರುವುದಿಲ್ಲ. ಈ ಜಟಾಪಟಿ ತಪ್ಪಿಸಲೆಂದೇ ಪೈಥಾನ್ ಸಮುದಾಯದ ಪೆಪ್ 668 ಎಂಬ ನಿರ್ಣಯ ಬಂತು. 2023ರ ಜೂನ್‌ನಲ್ಲಿ ಬಿಡುಗಡೆಯಾದ ಡೆಬಿಯನ್ 12 ಅದನ್ನು ಜಾರಿಗೆ ತಂದಿತು, ಹೋಮ್‌ಬ್ರೂನ ಪೈಥಾನ್ ಕೂಡ ಪಾಲಿಸುತ್ತದೆ. ಈಗ ಅಲ್ಲಿ ಪಿಪ್ ಇನ್‌ಸ್ಟಾಲ್ ಎಂದರೆ "ಎಕ್ಸ್‌ಟರ್ನಲಿ ಮ್ಯಾನೇಜ್ಡ್ ಎನ್ವಿರಾನ್‌ಮೆಂಟ್" ಎಂಬ ಎರರ್ ಬರುತ್ತದೆ. ಅಂದರೆ "ಇದರ ಯಜಮಾನ ಬೇರೆ, ನೀನು ಕೈ ಹಾಕಬೇಡ". ಅದನ್ನು ಮೀರಿ ಹೋಗಲು ಒಂದು ಆಪ್ಷನ್ ಇದೆ. ಅದರ ಹೆಸರೇ "ಬ್ರೇಕ್-ಸಿಸ್ಟಂ-ಪ್ಯಾಕೇಜಸ್". ಇಷ್ಟು ಪ್ರಾಮಾಣಿಕವಾಗಿ ಹೆಸರಿಟ್ಟ ಆಪ್ಷನ್ ಇನ್ನೊಂದನ್ನು ನಾನು ನೋಡಿಲ್ಲ. ಆದರೂ ಅದನ್ನು ಕಣ್ಣುಮುಚ್ಚಿ ಅಂಟಿಸುವವರಿದ್ದಾರೆ. ವೆನ್ವ್ ಒಳಗೆ ಈ ತಡೆ ಇರುವುದಿಲ್ಲ, ದಾರಿ ಅಲ್ಲೇ ತೆರೆದಿದೆ.

ಪಿಪ್ ಏನು ತರುತ್ತದೆ, ಎಲ್ಲಿಂದ

ಪಿಪ್‌ನ ಉಗ್ರಾಣ "ಪೈಪಿಐ". 2003ರಲ್ಲಿ ಶುರುವಾದ ಇದರಲ್ಲಿ ಈಗ 5 ಲಕ್ಷಕ್ಕೂ ಹೆಚ್ಚು ಪ್ರಾಜೆಕ್ಟುಗಳಿವೆ. ಒಂದು ಕಾಲಕ್ಕೆ ಇದನ್ನು ಚೀಸ್ ಶಾಪ್ ಎಂದೂ ಕರೆಯುತ್ತಿದ್ದರು. ಪ್ಯಾಕೇಜು ಬರುವ ಡಬ್ಬಿಗೆ "ವೀಲ್" ಎಂಬ ಹೆಸರು ಬಿದ್ದದ್ದೂ ಆ ನೆನಪಿಗೇ, ಚೀಸನ್ನು ಚಕ್ರದಾಕಾರದಲ್ಲಿ ಮಾಡುತ್ತಾರಲ್ಲ, ಅದರಿಂದ.

ಈ ವೀಲ್ ವಿಚಾರ ಸ್ವಲ್ಪ ತಿಳಿದಿದ್ದರೆ ಒಂದು ದೊಡ್ಡ ಜಾತಿಯ ಎರರ್‌ಗಳು ಅರ್ಥವಾಗುತ್ತವೆ. ನಂಪೈನಂಥ ಲೈಬ್ರರಿಗಳ ಒಳಭಾಗ ಸಿ ಭಾಷೆಯಲ್ಲಿರುತ್ತದೆ. ಅದನ್ನು ನಿಮ್ಮ ಪ್ರೊಸೆಸರ್, ನಿಮ್ಮ ಆಪರೇಟಿಂಗ್ ಸಿಸ್ಟಂ, ನಿಮ್ಮ ಪೈಥಾನ್ ಆವೃತ್ತಿಗೆ ತಕ್ಕಂತೆ ಮೊದಲೇ ಕಂಪೈಲ್ ಮಾಡಿಟ್ಟ ಡಬ್ಬಿಯೇ ವೀಲ್. ಅದರ ಫೈಲಿನ ಹೆಸರಿನಲ್ಲೇ ಈ ಮೂರೂ ಬರೆದಿರುತ್ತವೆ. "ಸಿಪಿ312" ಎಂದರೆ ಪೈಥಾನ್ 3.12ಕ್ಕೆ, "ವಿನ್_ಎಎಂಡಿ64" ಎಂದರೆ 64 ಬಿಟ್ ವಿಂಡೋಸ್‌ಗೆ, ಹೀಗೆ. ನಿಮಗೆ ಹೊಂದುವ ವೀಲ್ ಸಿಕ್ಕರೆ ಪಿಪ್ ಬಿಚ್ಚಿ ಇಡುತ್ತದೆ, ಕ್ಷಣದ ಕೆಲಸ. ಸಿಗದಿದ್ದರೆ ಸೋರ್ಸ್ ಕೋಡ್ ಇಳಿಸಿ ನಿಮ್ಮ ಕಂಪ್ಯೂಟರಿನಲ್ಲೇ ಕಂಪೈಲ್ ಮಾಡಲು ಕೂರುತ್ತದೆ. ಆಗಲೇ "ಮೈಕ್ರೋಸಾಫ್ಟ್ ವಿಷುವಲ್ ಸಿ++ 14.0 ಅಥವಾ ಮೇಲಿನದು ಬೇಕು" ಎಂಬಂಥ, ಪರದೆ ತುಂಬುವ ಎರರ್ ಬರುವುದು.

ಅದನ್ನು ಕಂಡವರು ಸೀದಾ ಹೋಗಿ ಹಲವು ಜಿಬಿಯ ಕಂಪೈಲರ್ ಇಳಿಸಿಕೊಳ್ಳುತ್ತಾರೆ. ಬಹಳ ಸಲ ಅದು ಬೇಕಿರುವುದಿಲ್ಲ. ಪೈಥಾನ್‌ನ ಹೊಸ ಆವೃತ್ತಿ ಪ್ರತಿ ವರ್ಷ ಅಕ್ಟೋಬರಿನಲ್ಲಿ ಬರುತ್ತದೆ. ಅದಕ್ಕೆ ತಕ್ಕ ವೀಲ್‌ಗಳನ್ನು ಎಲ್ಲ ಲೈಬ್ರರಿಯವರೂ ಅಂದೇ ಕೊಟ್ಟುಬಿಡುವುದಿಲ್ಲ, ತಿಂಗಳುಗಳು ಹಿಡಿಯಬಹುದು. ನೀವು ಹೊಸ ಪೈಥಾನ್ ಬಂದ ವಾರವೇ ಹಾಕಿಕೊಂಡಿದ್ದರೆ ಒಂದು ಆವೃತ್ತಿ ಹಿಂದಕ್ಕೆ ಹೋಗಿ, ಅದರಲ್ಲಿ ವೆನ್ವ್ ಮಾಡಿ ನೋಡಿ. ಒಂದು ಹೆಜ್ಜೆ ಹಿಂದೆ ಇರುವುದೇ ನನ್ನ ಮಟ್ಟಿಗೆ ಜಾಣತನ. ಪ್ರತಿ ಆವೃತ್ತಿಗೂ 5 ವರ್ಷ ಭದ್ರತಾ ಪರಿಹಾರಗಳು ಬರುತ್ತವೆ, ಅವಸರವಿಲ್ಲ.

ಪಿಪ್ ನೀವು ಕೇಳಿದ್ದನ್ನಷ್ಟೇ ತರುವುದಿಲ್ಲ, ಅದಕ್ಕೆ ಬೇಕಾದವನ್ನೂ, ಅವಕ್ಕೆ ಬೇಕಾದವನ್ನೂ ತರುತ್ತದೆ. ಎಲ್ಲರ ಷರತ್ತಿಗೂ ಹೊಂದುವ ಆವೃತ್ತಿಗಳನ್ನು ಹುಡುಕುವ ಕೆಲಸ ಸುಲಭದ್ದಲ್ಲ. 2020ರ ನವೆಂಬರ್‌ನಲ್ಲಿ ಬಂದ ಪಿಪ್ 20.3ಕ್ಕೆ ಮೊದಲು ಅದು ಇದನ್ನು ಸರಿಯಾಗಿ ಮಾಡುತ್ತಲೂ ಇರಲಿಲ್ಲ, ಮೊದಲು ಕಂಡ ಷರತ್ತಿಗೆ ತಲೆಯಾಡಿಸಿ ಮುಂದೆ ಹೋಗುತ್ತಿತ್ತು. ಈಗ ಹಿಂದೆ ಮುಂದೆ ಹೋಗಿ ಹೊಂದಿಸಿ ನೋಡುತ್ತದೆ, ಆಗದಿದ್ದರೆ ಆಗದು ಎನ್ನುತ್ತದೆ. ಒಂದು ಕೊರತೆ ಇನ್ನೂ ಇದೆ. ಈ ಬಾರಿ ಕೇಳಿದ ಪ್ಯಾಕೇಜುಗಳನ್ನು ಹೊಂದಿಸುವ ಭರದಲ್ಲಿ ಮೊದಲೇ ಇರುವ ಬೇರೊಂದರ ಷರತ್ತು ಮುರಿದರೆ, ಎಚ್ಚರಿಕೆ ಕೊಟ್ಟು ಸುಮ್ಮನಾಗುತ್ತದೆ. ಅನುಮಾನವಿದ್ದರೆ "ಪಿಪ್ ಚೆಕ್" ಓಡಿಸಿ, ಯಾವುದಕ್ಕೆ ಯಾವುದು ಹೊಂದುತ್ತಿಲ್ಲ ಎಂದು ಪಟ್ಟಿ ಕೊಡುತ್ತದೆ. ಇನ್ನು "ಪಿಪ್ ಅನ್‌ಇನ್‌ಸ್ಟಾಲ್" ನೀವು ಹೆಸರಿಸಿದ್ದನ್ನಷ್ಟೇ ತೆಗೆಯುತ್ತದೆ, ಅದರ ಹಿಂದೆ ಬಂದ ಪರಿವಾರ ಅಲ್ಲೇ ಉಳಿಯುತ್ತದೆ.

ಹೆಸರು ಟೈಪ್ ಮಾಡುವಾಗ ಒಂದು ಎಚ್ಚರ. ಪೈಪಿಐಗೆ ಯಾರು ಬೇಕಾದರೂ ಪ್ಯಾಕೇಜ್ ಏರಿಸಬಹುದು. ಜನಪ್ರಿಯ ಹೆಸರಿನ ಒಂದಕ್ಷರ ಆಚೀಚೆ ಮಾಡಿ ಕಳ್ಳ ಪ್ಯಾಕೇಜ್ ಇಡುವವರಿದ್ದಾರೆ. ಸೋರ್ಸ್‌ನಿಂದ ಇನ್‌ಸ್ಟಾಲ್ ಆಗುವಾಗಲೇ ಅದರ ಕೋಡ್ ನಿಮ್ಮ ಕಂಪ್ಯೂಟರಿನಲ್ಲಿ ಓಡಿಬಿಡುತ್ತದೆ, ಇಂಪೋರ್ಟ್ ಮಾಡುವವರೆಗೂ ಕಾಯುವುದಿಲ್ಲ. ಎಐ ಚಾಟ್‌ಬಾಟ್‌ಗಳು ಇಲ್ಲದ ಪ್ಯಾಕೇಜಿನ ಹೆಸರನ್ನು ಇದೆಯೆಂಬಂತೆ ಹೇಳುವುದೂ ಉಂಟು. ಗೊತ್ತಿಲ್ಲದ ಹೆಸರಾದರೆ ಪೈಪಿಐನಲ್ಲಿ ಅದರ ಪುಟ ತೆರೆದು, ಯಾರದ್ದು, ಎಂದಿನಿಂದ ಇದೆ ಎಂದು ನೋಡಿಯೇ ಮುಂದುವರಿಯಿರಿ.

ಪಟ್ಟಿ ಇದ್ದರೆ ಫೋಲ್ಡರ್ ಯಾಕೆ

ವೆನ್ವ್ ಅನ್ನು ಜತನದಿಂದ ಕಾಪಾಡಬೇಕಾದ ವಸ್ತು ಎಂದು ನೋಡಬಾರದು. ಕಾಪಾಡಬೇಕಾದದ್ದು ಅದರೊಳಗೆ ಏನಿತ್ತು ಎಂಬ ಪಟ್ಟಿ. ಆ ಪಟ್ಟಿಯ ರೂಢಿಯ ಹೆಸರು "ರಿಕ್ವೈರ್‌ಮೆಂಟ್ಸ್.ಟಿಎಕ್ಸ್‌ಟಿ". "ಪಿಪ್ ಫ್ರೀಜ್" ಎಂದರೆ ಈಗ ಇರುವ ಎಲ್ಲ ಪ್ಯಾಕೇಜುಗಳೂ ಆವೃತ್ತಿ ಸಮೇತ ಪಟ್ಟಿಯಾಗುತ್ತವೆ, ಅದನ್ನು ಆ ಫೈಲಿಗೆ ತಿರುಗಿಸಿಕೊಳ್ಳಬಹುದು. ಇನ್ನೊಂದು ಕಂಪ್ಯೂಟರಿನಲ್ಲಿ ಹೊಸ ವೆನ್ವ್ ಮಾಡಿ "ಪಿಪ್ ಇನ್‌ಸ್ಟಾಲ್ -ಆರ್" ಜೊತೆ ಆ ಫೈಲಿನ ಹೆಸರು ಕೊಟ್ಟರೆ ಅದೇ ಆವೃತ್ತಿಗಳು ಬರುತ್ತವೆ.

ಫ್ರೀಜ್‌ನ ದೋಷವೆಂದರೆ ಬೇಕೆಂದು ಕರೆದವರನ್ನೂ ಅವರ ಹಿಂದೆ ಬಂದವರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ. ನೀವು ಹಾಕಿದ್ದು ಮೂರು, ಪಟ್ಟಿಯಲ್ಲಿ ನಲವತ್ತು. ಎರಡು ವರ್ಷ ಬಿಟ್ಟು ನೋಡಿದರೆ ಯಾವುದು ನಿಜವಾಗಿ ಬೇಕಿತ್ತು ಎಂದು ನಿಮಗೇ ತಿಳಿಯದು. ಅದಕ್ಕೆ ನಾನು ಎರಡು ಪಟ್ಟಿ ಇಡುತ್ತೇನೆ. ಒಂದು ಕೈಯಾರೆ ಬರೆದದ್ದು, ನನಗೆ ಬೇಕಾದ ಮೂರು ಹೆಸರು ಸಡಿಲವಾದ ಷರತ್ತಿನೊಂದಿಗೆ. ಇನ್ನೊಂದು ಯಂತ್ರ ಕೊಟ್ಟದ್ದು, ನಲವತ್ತೂ ಬಿಗಿಯಾಗಿ. ಷರತ್ತು ಬರೆಯುವಾಗ "==2.1.3" ಎಂದರೆ ಅದೇ ಬೇಕು. ">=2.1" ಎಂದರೆ ಅದು ಅಥವಾ ಮೇಲಿನದು ಯಾವುದಾದರೂ ಸರಿ. "~=2.1" ಎಂದರೆ 2.1ರಿಂದ ಮೇಲಕ್ಕೆ, ಆದರೆ 3 ಬೇಡ. ಮೇಲಿನ ಪಾಂಡಾಸ್ ಕಥೆಯಲ್ಲಿ "<2" ಎಂಬ ಎರಡು ಅಕ್ಷರ ಇದ್ದಿದ್ದರೆ ವರದಿ ನಿಲ್ಲುತ್ತಿರಲಿಲ್ಲ. ಈಗಿನ ಪ್ರಾಜೆಕ್ಟುಗಳಲ್ಲಿ ಕೈಯಾರೆ ಬರೆಯುವ ಪಟ್ಟಿ "ಪೈಪ್ರಾಜೆಕ್ಟ್.ಟಿಒಎಂಎಲ್" ಎಂಬ ಫೈಲಿಗೆ, ಯಂತ್ರದ ಪಟ್ಟಿ ಲಾಕ್ ಫೈಲಿಗೆ ಹೋಗುತ್ತಿವೆ. ಹೆಸರು ಬದಲಾಗಿದೆ, ವಿಚಾರ ಅದೇ.

ಉಳಿದ ಟೂಲ್‌ಗಳು

ಬರೀ ಕಮಾಂಡಾಗಿ ಬಳಸುವ ಪೈಥಾನ್ ಪ್ರೋಗ್ರಾಮುಗಳಿಗೆ, ಉದಾಹರಣೆಗೆ ವಿಡಿಯೋ ಇಳಿಸುವ ವೈಟಿ-ಡಿಎಲ್‌ಪಿ ಅಥವಾ ಕೋಡ್ ಒಪ್ಪ ಮಾಡುವ ಬ್ಲ್ಯಾಕ್, "ಪಿಪ್‌ಎಕ್ಸ್" ಬಳಸಿ. ಪ್ರತಿಯೊಂದಕ್ಕೂ ತೆರೆಮರೆಯಲ್ಲಿ ಒಂದು ವೆನ್ವ್ ಮಾಡಿ ಕಮಾಂಡನ್ನಷ್ಟೇ ಹೊರಗೆ ಬಿಡುತ್ತದೆ.

ಅನಕೊಂಡಾ ಜೊತೆ ಬರುವ ಕಾಂಡಾ ಬೇರೆಯೇ ಮನೆತನ. 2012ರಲ್ಲಿ ಬಂದ ಅದು ಪೈಥಾನ್ ಪ್ಯಾಕೇಜುಗಳ ಜೊತೆಗೆ ಪೈಥಾನ್ ಅನ್ನೇ, ಸಿ ಲೈಬ್ರರಿಗಳನ್ನು, ಆರ್ ಭಾಷೆಯನ್ನೂ ಎನ್ವಿರಾನ್‌ಮೆಂಟ್ ಒಳಗೆ ಇಡಬಲ್ಲದು. ಭೂಗೋಳದ ನಕ್ಷೆ, ಜೀವವಿಜ್ಞಾನದಂಥ ಕ್ಷೇತ್ರಗಳಲ್ಲಿ, ಪೈಥಾನ್ ಆಚೆಯ ಲೈಬ್ರರಿಗಳ ಸರಮಾಲೆ ಇರುವಲ್ಲಿ, ಇದರ ಬೆಲೆ ತಿಳಿಯುತ್ತದೆ. ಅನಕೊಂಡಾ ಸಂಸ್ಥೆಯ ಸ್ವಂತ ಚಾನೆಲ್ (ಪ್ಯಾಕೇಜುಗಳ ಉಗ್ರಾಣ) ಬಳಸಲು ದೊಡ್ಡ ಸಂಸ್ಥೆಗಳು ಹಣ ಕೊಟ್ಟು ಲೈಸೆನ್ಸ್ ಪಡೆಯಬೇಕು, ಸಮುದಾಯ ನಡೆಸುವ "ಕಾಂಡಾ-ಫೋರ್ಜ್" ಉಚಿತ. ಕಾಂಡಾ ಒಳಗೆ ಪಿಪ್ ಬಳಸಬೇಕಾಗಿ ಬಂದರೆ ಕಾಂಡಾದಿಂದ ಬರುವುದೆಲ್ಲ ಬಂದ ಮೇಲೆ, ಕೊನೆಗೆ ಬಳಸಿ.

2024ರ ಫೆಬ್ರವರಿಯಲ್ಲಿ ಆಸ್ಟ್ರಲ್ ಎಂಬ ಕಂಪನಿ "ಯುವಿ" ಬಿಡುಗಡೆ ಮಾಡಿತು. ರಸ್ಟ್ ಭಾಷೆಯಲ್ಲಿ ಬರೆದ ಇದು ಪಿಪ್, ವೆನ್ವ್, ಪಿಪ್‌ಎಕ್ಸ್‌ಗಳ ಕೆಲಸವನ್ನೆಲ್ಲ ಒಂದೇ ಕಮಾಂಡಿನ ಕೆಳಗೆ ತಂದಿದೆ, ಬೇಕಾದ ಪೈಥಾನ್ ಆವೃತ್ತಿಯನ್ನೂ ತಾನೇ ಇಳಿಸಿಕೊಳ್ಳುತ್ತದೆ. ವೇಗ ನೋಡಿದರೆ ಮೊದಲ ಸಲ ಏನೂ ನಡೆಯಲೇ ಇಲ್ಲವೇನೋ ಅನ್ನಿಸುತ್ತದೆ. ಹೊಸ ಪ್ರಾಜೆಕ್ಟಿಗೆ ನಾನೀಗ ಇದನ್ನೇ ಹಿಡಿಯುತ್ತೇನೆ. ಆದರೆ ವೆನ್ವ್ ಕೈಯಾರೆ ನಾಲ್ಕು ಸಲ ಮಾಡಿದ ಮೇಲೆ ಯುವಿಗೆ ಹೋಗಿ ಎನ್ನುತ್ತೇನೆ, ಏಕೆಂದರೆ ಒಂದು ಬಲೆ ಇದೆ. ಯುವಿ ಮಾಡಿಕೊಡುವ ವೆನ್ವ್ ಒಳಗೆ ಪಿಪ್ ಇರುವುದಿಲ್ಲ. ಅದನ್ನು ಆಕ್ಟಿವೇಟ್ ಮಾಡಿ ಹಳೆಯ ಅಭ್ಯಾಸದಂತೆ "ಪಿಪ್ ಇನ್‌ಸ್ಟಾಲ್" ಎಂದರೆ, ಶೆಲ್ ಪಾತ್ ಪಟ್ಟಿಯಲ್ಲಿ ಮುಂದೆ ಹೋಗಿ ಎಲ್ಲೋ ಇರುವ ಬೇರೊಂದು ಪಿಪ್ ಅನ್ನು ಎಬ್ಬಿಸುತ್ತದೆ. ಪ್ಯಾಕೇಜ್ ಅಲ್ಲಿಗೆ ಹೋಗುತ್ತದೆ. ಮತ್ತೆ ಮೊದಲ ಪ್ಯಾರಾದ ಜಗಳ. "ಯುವಿ ಪಿಪ್ ಇನ್‌ಸ್ಟಾಲ್" ಅಥವಾ "ಯುವಿ ಆ್ಯಡ್" ಎನ್ನಬೇಕು.

ಎಡಿಟರ್‌ಗಳಲ್ಲೂ ಇದೇ ಪ್ರಶ್ನೆ ವೇಷ ಮರೆಸಿ ಬರುತ್ತದೆ. ವಿಎಸ್ ಕೋಡ್‌ನಲ್ಲಿ ಟರ್ಮಿನಲ್ ಒಂದು ಪೈಥಾನ್ ಬಳಸುತ್ತಿದ್ದು, ರನ್ ಬಟನ್ ಇನ್ನೊಂದನ್ನು ಬಳಸುತ್ತಿರಬಹುದು. "ಸೆಲೆಕ್ಟ್ ಇಂಟರ್‌ಪ್ರಿಟರ್" ಎಂದು ಕೊಟ್ಟು ಪ್ರಾಜೆಕ್ಟಿನ ವೆನ್ವ್ ತೋರಿಸಿ. ಜುಪಿಟರ್ ನೋಟ್‌ಬುಕ್‌ನಲ್ಲಿ ಅದರ ಹೆಸರು ಕರ್ನಲ್. ನೋಟ್‌ಬುಕ್ ಒಳಗಿಂದ ಪ್ಯಾಕೇಜ್ ಹಾಕುವಾಗ ಆಶ್ಚರ್ಯಸೂಚಕ ಚಿಹ್ನೆಯ ಪಿಪ್ ಬದಲು ಶೇಕಡಾ ಚಿಹ್ನೆಯ ಪಿಪ್ ಬಳಸಿ. ಮೊದಲನೆಯದು ಶೆಲ್‌ಗೆ ಸಿಕ್ಕ ಪಿಪ್, ಎರಡನೆಯದು ಆ ಕರ್ನಲ್‌ನದೇ ಪಿಪ್.

ವೆನ್ವ್ ಹದಗೆಟ್ಟರೆ ರಿಪೇರಿಗೆ ಕೂರುವುದು ದಂಡ. ಫೋಲ್ಡರ್ ಅಳಿಸಿ, ಪಟ್ಟಿಯಿಂದ ಮತ್ತೆ ಮಾಡಿ. ಕಷ್ಟವಾಗುವುದು ಪಟ್ಟಿಯೇ ಇಲ್ಲದೆ, ಬಿಟ್ಟುಹೋದವರ ಹಳೆಯ ಪ್ರಾಜೆಕ್ಟ್ ಕೈಗೆ ಬಂದಾಗ. ಆಗ ಪತ್ತೇದಾರಿಕೆ ಬೇಕು. ಪ್ರಿಂಟ್ ಎಂಬುದಕ್ಕೆ ಆವರಣವಿಲ್ಲದಿದ್ದರೆ ಅದು ಪೈಥಾನ್ 2ರ ಕಾಲದ್ದು, 2020ರ ಜನವರಿ 1ಕ್ಕೆ ಅದರ ಆಯಸ್ಸು ಮುಗಿದಿದೆ, ಕೋಡನ್ನೇ ತಿದ್ದಬೇಕು. ಅಲ್ಲವಾದರೆ ಇಂಪೋರ್ಟ್ ಸಾಲುಗಳನ್ನೆಲ್ಲ ಹೆಕ್ಕಿ ಪ್ಯಾಕೇಜುಗಳ ಹೆಸರು ಗುರುತಿಸಿ, ಫೈಲುಗಳನ್ನು ಕೊನೆಗೆ ಬದಲಿಸಿದ ದಿನಾಂಕ ನೋಡಿ. ಆ ಕಾಲದ ಪೈಥಾನ್ ಆವೃತ್ತಿಯಲ್ಲಿ ವೆನ್ವ್ ಮಾಡಿ, ಯುವಿಗೆ "ಎಕ್ಸ್‌ಕ್ಲೂಡ್-ನ್ಯೂವರ್" ಎಂಬ ಆಪ್ಷನ್ ಜೊತೆ ಆ ದಿನಾಂಕ ಕೊಡಿ. ಆ ದಿನದ ನಂತರ ಪೈಪಿಐಗೆ ಬಂದದ್ದು ಯಾವುದೂ ಇಲ್ಲವೇನೋ ಎಂಬಂತೆ ಅದು ಅಂದಿನ ಆವೃತ್ತಿಗಳನ್ನೇ ಹುಡುಕಿ ತರುತ್ತದೆ. ಪ್ರೋಗ್ರಾಂ ಓಡಿತೆಂದರೆ, ಬೇರೆ ಏನು ಮಾಡುವುದಕ್ಕೂ ಮೊದಲು ಫ್ರೀಜ್ ಮಾಡಿ ಆ ಪಟ್ಟಿಯನ್ನು ಗಿಟ್‌ಗೆ ಹಾಕಿಬಿಡಿ.